ಕಾಲೇಜು ಬದಲಿಸುವ ಮೊದಲು ಈ ಲೆಕ್ಕ ಹಾಕಿ

ಅಮೆರಿಕದ ಕಾಲೇಜೊಂದಕ್ಕೆ ಆಡುತ್ತಿದ್ದೀರಿ, ಇನ್ನೊಂದು ಕಾಲೇಜು ಜಾಸ್ತಿ ದುಡ್ಡಿನ ಆಸೆ ತೋರಿಸುತ್ತಿದೆ ಅಂದುಕೊಳ್ಳಿ. ಬಿಟ್ಟು ಹೋದರೆ ದ್ರೋಹವಾಗುತ್ತಾ ಅಂತ ಕೊರಗುವ ಮೊದಲು ಆ ದುಡ್ಡಿನ ಮಾತನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. 2024ರಲ್ಲಿ ಯುಎನ್‌ಎಲ್‌ವಿ (ಲಾಸ್ ವೇಗಸ್‌ನ ನೆವಾಡಾ ವಿಶ್ವವಿದ್ಯಾಲಯ) ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ಮ್ಯಾಥ್ಯೂ ಸ್ಲೂಕಾ 3 ಪಂದ್ಯ ಆಡಿ, ಮೂರನ್ನೂ ಗೆದ್ದು, ಹೊರಟೇಬಿಟ್ಟರು. ಬಾಯಿಮಾತಲ್ಲಿ ಒಪ್ಪಿದ್ದ 1 ಲಕ್ಷ ಡಾಲರ್ ಬರಲಿಲ್ಲ ಅಂತ ಅವರ ಕಡೆಯವರು, ಇದು ನಿಯಮ ಮೀರಿದ ಬೇಡಿಕೆ ಅಂತ ಕಾಲೇಜಿನವರು. ಕಾಗದ ಇಲ್ಲದಿದ್ದರೆ ಹೀಗೇ.

ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಕಾಲೇಜು ಬದಲಿಸಬೇಕೆನ್ನುವ ಆಟಗಾರರ ಆನ್‌ಲೈನ್ ಪಟ್ಟಿ) ಹೆಸರು ಕೊಟ್ಟರೆ ಈಗಿನ ಕಾಲೇಜು ಆ ಸೆಮಿಸ್ಟರ್ ಮುಗಿದ ಮೇಲೆ ಸ್ಕಾಲರ್‌ಶಿಪ್ ನಿಲ್ಲಿಸಬಹುದು, ಹಾಗಾಗಿ ಸುಮ್ನೆ ನಮ್ಮ ರೇಟು ಎಷ್ಟು ನೋಡೋಣ ಅಂತ ಕಾಲಿಡಬೇಡಿ. ನೀವು ಓದಿ ಗಳಿಸಿದ ಕ್ರೆಡಿಟ್‌ಗಳಲ್ಲಿ (ಡಿಗ್ರಿಗೆ ಲೆಕ್ಕಕ್ಕೆ ಬರುವ ಅಂಕ) ಎಷ್ಟು ಹೊಸ ಕಡೆ ನಡೆಯುತ್ತೆ ಕೇಳಿ. ಡಿಗ್ರಿ ಒಂದು ವರ್ಷ ತಡವಾದರೆ ಆ ಖರ್ಚು, ತೆರಿಗೆ, ಏಜೆಂಟ್ ಕಮಿಷನ್ ಎಲ್ಲ ಕಳೆದು ಉಳಿಯೋದೆಷ್ಟು ನೋಡಿ. ಇಲ್ಲಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಅಲ್ಲಿ ದುಡಿಯೋಕೆ ಕಟ್ಟುನಿಟ್ಟಿದೆ. ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸದೆ ಸಹಿ ಹಾಕಲೇಬೇಡಿ.

ಇನ್ನು ನಿಷ್ಠೆ. ಕೋಚ್‌ಗಳೂ ದೊಡ್ಡ ಸಂಬಳ ಸಿಕ್ಕರೆ ಹೊರಡುತ್ತಾರೆ, ಸಂಕೋಚ ಬೇಡ. ಆದರೆ ಮೊಣಕಾಲು ಪೆಟ್ಟಾದಾಗ ಜೊತೆಗಿದ್ದ ಕೋಚ್‌ಗೆ ನೀವು ಹೋಗುವ ಸುದ್ದಿ ಪೋರ್ಟಲ್ ನೋಡಿ ಗೊತ್ತಾಗಬಾರದು, ಅಲ್ವಾ? ಮೊದಲು ನೀವೇ ಎದುರು ಹೋಗಿ ಹೇಳಿ.