777 ಕೊಡದೆಯೇ ಪ್ರೆಸ್ಸಿನ ಫೋಲ್ಡರ್ ಸರಿಮಾಡಿದ್ದು

ಗದಗದ ಒಂದು ಪ್ರಿಂಟಿಂಗ್ ಪ್ರೆಸ್. 11 ಕಂಪ್ಯೂಟರ್, ಒಂದು ಹಳೇ ಸಾಂಬಾ ಸರ್ವರ್ (ಲಿನಕ್ಸ್ ಯಂತ್ರದ ಫೋಲ್ಡರನ್ನು ನೆಟ್‌ವರ್ಕ್‌ನಲ್ಲಿ ಹಂಚುವ ಸಾಫ್ಟ್‌ವೇರ್ ಸಾಂಬಾ). ಡಿಟಿಪಿಯವರು ಸೇವ್ ಮಾಡಿದ್ದನ್ನು ಪ್ರೂಫ್ ನೋಡುವವರು ತೆರೆಯಬಹುದಿತ್ತು, ತಿದ್ದಿ ಸೇವ್ ಮಾಡಲು ಆಗುತ್ತಿರಲಿಲ್ಲ. ದಿನಾ ಜಗಳ. ಬೇಸತ್ತು ಎಲ್ಲಕ್ಕೂ 777 ಕೊಟ್ಟೆ, ಅಂದರೆ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಅಳಿಸಬಹುದು.

ಲಗ್ನಪತ್ರಿಕೆ ಸೀಸನ್‌ನಲ್ಲಿ ಯಾರೋ ಡಿಲೀಟ್ ಒತ್ತಿದರು. ನೆಟ್‌ವರ್ಕ್ ಫೋಲ್ಡರ್ ಅಲ್ವಾ, ರಿಸೈಕಲ್ ಬಿನ್ನಿಗೆ ಏನೂ ಬರಲಿಲ್ಲ. ಸುಮಾರು 400 ಫೈಲ್ ಹೋದವು. ಮತ್ತೆ ಟೈಪ್ ಮಾಡಿಸಿದ್ದಕ್ಕೇ 6 ಸಾವಿರದ ಹತ್ತಿರ ಖರ್ಚಾಯಿತು. "ಇದರಲ್ಲಿ ಆಗಲ್ಲ, ಹೊಸ ನ್ಯಾಸ್ ಪೆಟ್ಟಿಗೆ ತಗೊಳ್ಳಿ" ಎಂದು ಒಬ್ಬರು 70 ಸಾವಿರದ ಕೊಟೇಶನ್ ಕೊಟ್ಟರು (ನ್ಯಾಸ್ ಅಂದರೆ ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ ರೆಡಿಮೇಡ್ ಪೆಟ್ಟಿಗೆ). ಮಾಲೀಕರೂ ಹೂಂ ಅನ್ನುವವರಿದ್ದರು. ನಾನು ಒಂದು ತಿಂಗಳು ಟೈಮ್ ಕೇಳಿದೆ.

ಮೊದಲು ಗ್ರೂಪ್ ಮಾಡಿ ಫೋಲ್ಡರಿಗೆ 2770 (ಒಳಗೆ ಹುಟ್ಟುವ ಫೈಲ್ ಅದೇ ಗ್ರೂಪಿಗೆ ಸೇರುತ್ತದೆ, ಹೊರಗಿನವರಿಗೆ ಪ್ರವೇಶವಿಲ್ಲ), ಸಾಂಬಾದಲ್ಲಿ ಕ್ರಿಯೇಟ್ ಮಾಸ್ಕ್ 0660 (ಹೊಸ ಫೈಲನ್ನು ಮಾಡಿದವರು ಮತ್ತು ಗ್ರೂಪಿನವರು ಮಾತ್ರ ಓದಿ ಬರೆಯಬಹುದು) ಹಾಕಿದೆ. ಹೊಸ ಫೈಲ್‌ಗಳು ಸರಿಯಾದವು. ಆದರೆ ಹಳೇ ಡಿಸ್ಕಿನಿಂದ ಆರ್‌ಸಿಂಕ್ ಮೈನಸ್ ಎ (ಪರ್ಮಿಶನ್ ಸಮೇತ ಕಾಪಿ ಮಾಡುವ ಕಮಾಂಡ್) ಕೊಟ್ಟು ತಂದವು ಹಳೇ ಪರ್ಮಿಶನ್ ಹೊತ್ತುಕೊಂಡೇ ಬಂದವು. ಸರ್ವರ್‌ನಲ್ಲೇ ಎಂವಿ ಕಮಾಂಡಿನಿಂದ ಜಾಗ ಬದಲಿಸಿದವುಗಳದ್ದೂ ಅದೇ ಕಥೆ.

ಆಮೇಲೆ ಎಸಿಎಲ್‌ಗೆ ಬಂದೆ, ಅಂದರೆ ಒಂದೇ ಫೋಲ್ಡರಿಗೆ ಬೇರೆ ಬೇರೆ ಗ್ರೂಪಿನ ಹಕ್ಕು ಬೇರೆ ಬೇರೆ ಬರೆದಿಡುವ ಪಟ್ಟಿ. ಡಿಟಿಪಿಗೆ, ಪ್ರೂಫಿಗೆ ಆರ್‌ಡಬ್ಲ್ಯೂಎಕ್ಸ್ (ಆರ್ ಓದಲು, ಡಬ್ಲ್ಯೂ ಬರೆಯಲು, ಎಕ್ಸ್ ಫೋಲ್ಡರ್ ಒಳಗೆ ಹೋಗಲು), ಬಿಲ್ಲಿಂಗಿಗೆ ಬರೀ ಓದುವುದು. ಒಳಗೆ ಹೊಸದಾಗಿ ಹುಟ್ಟುವ ಫೈಲ್‌ಗೂ ಅದೇ ಹಕ್ಕು ಬರುವಂತೆ ಡಿಫಾಲ್ಟ್ ಎಸಿಎಲ್ ಕೂಡ ಹಾಕಿದೆ. ಒಂದು ವಾರ ಚೆನ್ನಾಗಿ ನಡೆದು ಮತ್ತೆ ಕೈಕೊಟ್ಟಿತು. ರಾತ್ರಿ 11ಕ್ಕೆ ಎಸಿಎಲ್ ತೋರಿಸುವ ಗೆಟ್‌ಎಫ್‌ಎಸಿಎಲ್ ಕಮಾಂಡ್ ಕೊಟ್ಟು ನೋಡಿದೆ. ಡಿಟಿಪಿ ಸಾಲಿನಲ್ಲಿ ಆರ್‌ಡಬ್ಲ್ಯೂಎಕ್ಸ್ ಹಾಗೇ ಇದೆ, ಪಕ್ಕದಲ್ಲಿ ಸಣ್ಣದಾಗಿ "ಎಫೆಕ್ಟಿವ್: ಆರ್-ಎಕ್ಸ್", ಅಂದರೆ ನಿಜಕ್ಕೂ ಬರೆಯುವ ಹಕ್ಕಿಲ್ಲ. ಅಷ್ಟು ದಿನ ನಾನು ಆ ಬಲಗಡೆ ನೋಡಿಯೇ ಇರಲಿಲ್ಲ! ಹಿಂದಿನ ದಿನ ರೂಢಿಯಂತೆ ಪರ್ಮಿಶನ್ ಬದಲಿಸುವ ಸಿಎಚ್‌ಮಾಡ್ 750 ಓಡಿಸಿದ್ದೆ. ಎಸಿಎಲ್ ಇರುವ ಕಡೆ ಆ ನಡುವಿನ 5 (ಓದಬಹುದು, ಬರೆಯುವಂತಿಲ್ಲ) ಎಸಿಎಲ್‌ನ ಮಾಸ್ಕಿಗೆ, ಅಂದರೆ ಗ್ರೂಪುಗಳ ಹಕ್ಕಿನ ಗರಿಷ್ಠ ಮಿತಿಗೆ ಹೋಗಿ ಕೂರುತ್ತದೆ, ಎಲ್ಲ ಗ್ರೂಪಿನ ಬರೆಯುವ ಹಕ್ಕು ಒಂದೇ ಏಟಿಗೆ ಕತ್ತರಿಸಿಹೋಗುತ್ತದೆ. ಅವತ್ತಿನಿಂದ ಆ ಫೋಲ್ಡರ್‌ಗಳಲ್ಲಿ ಸಿಎಚ್‌ಮಾಡ್ ಮುಟ್ಟಿಲ್ಲ, ಬರೀ ಎಸಿಎಲ್ ಬದಲಿಸುವ ಸೆಟ್‌ಎಫ್‌ಎಸಿಎಲ್.

ನಡುವೆ ಸುಮ್ನೆ ಸಾಂಬಾದ ಹೈಡ್ ಅನ್‌ರೀಡಬಲ್ ಸೆಟ್ಟಿಂಗ್ ಹಾಕಿ ನೋಡಿದೆ. ಹಕ್ಕಿಲ್ಲದವರಿಗೆ ಫೋಲ್ಡರ್ ಕಾಣುವುದೇ ಇಲ್ಲ, ಚೆಂದ. ಆದರೆ 12 ಸಾವಿರ ಫೈಲ್ ಇರುವ ಫೋಲ್ಡರ್ ತೆರೆಯುವುದು ತುಂಬಾ ನಿಧಾನವಾಯಿತು, ತೆಗೆದೆ. ಸ್ಕ್ಯಾನ್ ಫೋಲ್ಡರಿಗೆ 3770 (2770ರ ಜೊತೆಗೆ ತಮ್ಮದಲ್ಲದ ಫೈಲ್ ಅಳಿಸದಂತೆ ತಡೆ) ಕೊಟ್ಟದ್ದು ಮಾತ್ರ ಒಳ್ಳೇದಾಯಿತು: ಒಬ್ಬರ ಸ್ಕ್ಯಾನನ್ನು ಪಕ್ಕದವರು ಅಳಿಸಲು ಆಗಲ್ಲ.

ಡಿಲೀಟ್ ಆದದ್ದು ಬೇರೆ ಫೋಲ್ಡರಿಗೆ ಹೋಗುವಂತೆ ಸಾಂಬಾದ ರಿಸೈಕಲ್ ಮಾಡ್ಯೂಲನ್ನೂ ಹಾಕಿದೆ. ರಾತ್ರಿ 2ಕ್ಕೆ ಓಡಿ ತಪ್ಪಿದ ಪರ್ಮಿಶನ್ ಹುಡುಕುವ ಒಂದು ಸ್ಕ್ರಿಪ್ಟ್ ಇದೆ, ಅದು ನನ್ನ ಹತ್ತಿರವೇ ಇರಲಿ. ಒಟ್ಟು ಖರ್ಚು ಬ್ಯಾಕಪ್ಪಿಗೆ ತಂದ ಒಂದು 4 ಟಿಬಿ ಡಿಸ್ಕ್, 9 ಸಾವಿರ ಚಿಲ್ಲರೆ. 14 ತಿಂಗಳಾಯಿತು, "ಸೇವ್ ಆಗ್ತಿಲ್ಲ" ಅಂತ ಒಂದು ಫೋನೂ ಬಂದಿಲ್ಲ. ಕೊಟೇಶನ್ ಕೊಟ್ಟವರೇ ಮೊನ್ನೆ ಬಂದು ಹೇಗೆ ಮಾಡಿದಿರಿ ಎಂದು ಕೇಳಿಕೊಂಡು ಹೋದರು.