ವಿಲನ್ ಪ್ಲಾನ್ ಮೊದಲು, ಹೀರೋ ಆಮೇಲೆ: ನನ್ನ ಅನುಭವ

ಎಂಟು ಎಪಿಸೋಡಿನ ಸೂಪರ್‌ಹೀರೋ ಸೀರೀಸ್, ಅದರಲ್ಲಿ ಮೊದಲ ಎರಡರಲ್ಲಿ ಹೀರೋ ತನ್ನ ಶಕ್ತಿಯನ್ನು ಸರಿಯಾಗಿ ತೋರಿಸುವುದೇ ಇಲ್ಲ. ಹೀಗಂದಾಗ ತಂಡದಲ್ಲಿ ಎಲ್ಲರೂ ನಕ್ಕರು. "ಜನ ನೋಡೋಕೆ ಬರೋದೇ ಅದನ್ನ, ಅದನ್ನೇ ಬಚ್ಚಿಟ್ಟರೆ ಹೇಗೆ?" ಅಂದರು. ಈಗ ಎರಡನೇ ಸೀಸನ್ ಬರೆಯುತ್ತಿದ್ದೇನೆ. ನಕ್ಕವರಲ್ಲೇ ಒಂದಿಬ್ಬರು ನಾನು ಕಥೆ ಜೋಡಿಸುವ ಬೋರ್ಡಿನ ಫೋಟೋ ಕೇಳಿದ್ದಾರೆ.

ಬೀಟ್ ಶೀಟ್ (ಕಥೆಯ ಮುಖ್ಯ ತಿರುವುಗಳ ಪಟ್ಟಿ), ಬಿ ಪ್ಲಾಟ್ (ಮುಖ್ಯ ಕಥೆಯ ಜೊತೆ ಓಡುವ ಉಪಕಥೆ) ಎಲ್ಲ ನಿಮಗೆ ಗೊತ್ತು, ಬಿಡಿ.

ಮೊದಲು ಬರೆದಿದ್ದು ವಾರಕ್ಕೊಬ್ಬ ವಿಲನ್ ಬರುವ ಕಥೆ. ಅಮೆರಿಕದ ಸೂಪರ್‌ಹೀರೋ ಸೀರೀಸ್ 'ದಿ ಫ್ಲ್ಯಾಶ್' ಮೊದಲ ಸೀಸನ್‌ನಲ್ಲಿ (2014) ಇದು ನಡೆಯುತ್ತದೆ, ಯಾಕೆಂದರೆ ಅಲ್ಲಿ 23 ಎಪಿಸೋಡ್ ಇವೆ, ಯಾರು ಬಂದು ಹೋದರೂ ಹೀರೋ ತಾಯಿಯನ್ನು ಕೊಂದವನು ಯಾರು ಅನ್ನುವ ಪ್ರಶ್ನೆ ಅಡಿಯಲ್ಲಿ ಹರಿಯುತ್ತಲೇ ಇರುತ್ತದೆ. ಎಂಟರಲ್ಲಿ ಅಷ್ಟು ಜಾಗ ಎಲ್ಲಿದೆ? ಪ್ರತಿ ವಿಲನ್‌ಗೂ ಹೊಸ ವೇಷ, ಹೊಸ ಸೆಟ್, ಹೊಸ ಗ್ರಾಫಿಕ್ಸ್. ಬಜೆಟ್‌ನ ಕಾಲು ಭಾಗದಷ್ಟು ಟೆಸ್ಟ್ ಶೂಟಿಂಗ್‌ಗೇ ಹೋಯಿತು. ಅದರಲ್ಲಿ ಉಳಿದು ತೆರೆಗೆ ಬಂದಿದ್ದು ಹತ್ತು ನಿಮಿಷವೂ ಇಲ್ಲ.

ಆಮೇಲೆ ಫ್ಲ್ಯಾಶ್‌ಬ್ಯಾಕ್ ಹಿಡಿದೆವು. 'ಆರೋ' ಸೀರೀಸ್‌ನಲ್ಲಿ ಹೀರೋ ಕಾಣೆಯಾಗಿದ್ದ ಐದು ವರ್ಷದ ಕಥೆಯನ್ನು ಸೀಸನ್‌ಗೊಂದು ವರ್ಷದಂತೆ ಹಂಚಿದ್ದರು. ನಾವೂ ಹಂಚಿದೆವು. ಎಡಿಟರ್ ಒಂದು ದಿನ ಸುಮ್ನೆ ಎಲ್ಲ ಫ್ಲ್ಯಾಶ್‌ಬ್ಯಾಕ್ ತೆಗೆದು ಹೊಸಬರಿಗೆ ತೋರಿಸಿದ. ಏನೋ ಬಿಟ್ಟುಹೋಗಿದೆ ಅಂತ ಒಬ್ಬರೂ ಕೇಳಲಿಲ್ಲ. ಅಲ್ಲಿಗೆ ಅದೂ ಮುಗಿಯಿತು.

ಕೊನೆಗೆ ಕೈ ಹಿಡಿದಿದ್ದು ಇದು. ಹೀರೋ ಹುಟ್ಟಿಯೇ ಇಲ್ಲ ಅಂದುಕೊಂಡು ವಿಲನ್ ಪ್ಲಾನ್ ಬರೆಯಿರಿ. ಒಂದೇ ಪುಟ. ಅವನಿಗೆ ಏನು ಬೇಕು, ಯಾರನ್ನು ಕೊಳ್ಳುತ್ತಾನೆ, ಯಾವಾಗ ಗೆಲ್ಲುತ್ತಾನೆ. ಪ್ಲಾನ್ ಪೂರ್ತಿ ಗೆಲ್ಲುವಂತಿರಬೇಕು, ಓದಿದರೆ ನಿಮಗೇ ಭಯ ಆಗಬೇಕು. ಈಗ ಹೀರೋನನ್ನು ಒಳಗೆ ಬಿಡಿ. ಒಂದು ಎಪಿಸೋಡಿನಲ್ಲಿ ಅವನು ಒಂದೇ ಹೆಜ್ಜೆ ಕೆಡಿಸುತ್ತಾನೆ. ಅದಕ್ಕೆ ವಿಲನ್ ಏನು ಬದಲಿಸಬೇಕಾಯಿತೋ ಅದೇ ಮುಂದಿನ ಎಪಿಸೋಡ್. 'ಡೇರ್‌ಡೆವಿಲ್' ಮೊದಲ ಸೀಸನ್ (2015) ನೋಡಿ, ವಿಲನ್ ಫಿಸ್ಕ್‌ನ ಮುಖ ಕಾಣುವುದು ಮೂರನೇ ಎಪಿಸೋಡಿನ ಕೊನೆಗೆ, ಆದರೆ ಅವನ ಕೆಲಸ ಅಷ್ಟರೊಳಗೆ ಊರಿಡೀ ಹಬ್ಬಿರುತ್ತದೆ.

ಶಕ್ತಿಗೂ ಒಂದು ಷರತ್ತು ಹಾಕಿದೆ. ಪ್ರತಿ ಸಲ ಬಳಸಿದಾಗ ಹೀರೋಗೆ ಒಂದು ದಾರಿ ಮುಚ್ಚಬೇಕು: ಒಬ್ಬ ಗೆಳೆಯ ದೂರವಾಗಬೇಕು, ಇಲ್ಲವೇ ಗುಟ್ಟು ಸ್ವಲ್ಪ ಬಯಲಾಗಬೇಕು. ಸುಮ್ನೆ ಹೊಡೆದಾಟಕ್ಕೆ ಬಳಸುವ ಹಾಗಿಲ್ಲ. ಗ್ರಾಫಿಕ್ಸ್ ಶಾಟ್‌ಗಳು ಮುನ್ನೂರರ ಹತ್ತಿರ ಇದ್ದದ್ದು ನೂರಿಪ್ಪತ್ತರ ಆಸುಪಾಸಿಗೆ ಇಳಿದವು. ಉಳಿದ ದುಡ್ಡೆಲ್ಲ ಕೊನೆಯ ಎಪಿಸೋಡಿಗೆ ಸುರಿದೆವು, ಅದು ದೊಡ್ಡ ಬಜೆಟ್ಟಿನದ್ದರ ಹಾಗೇ ಕಾಣುತ್ತದೆ, ನಾನು ಹೇಳುತ್ತಿಲ್ಲ, ನೋಡಿದವರು ಹೇಳಿದ್ದು! ಶಕ್ತಿಯನ್ನು ಹೀಗೆ ತಡೆದಿಡುವುದರಲ್ಲಿ ಹೊಸತೇನೂ ಇಲ್ಲ. 1977ರ 'ದಿ ಇನ್‌ಕ್ರೆಡಿಬಲ್ ಹಲ್ಕ್'ನಲ್ಲಿ ಹೀರೋ ಹಸಿರು ದೈತ್ಯನಾಗುತ್ತಿದ್ದದ್ದು ಸಾಮಾನ್ಯವಾಗಿ ಎಪಿಸೋಡಿಗೆ ಎರಡೇ ಸಲ. 'ಸ್ಮಾಲ್‌ವಿಲ್'ನವರು ಹೀರೋ ವೇಷ ತೊಟ್ಟು ಹಾರುವುದನ್ನು ಹತ್ತು ಸೀಸನ್ ತಡೆದಿಟ್ಟರು. ಜನ ಕಾದರು, ಅಲ್ವಾ?

ಪಕ್ಕದ ಪಾತ್ರಗಳ ವಿಷಯದಲ್ಲಿ ಜಗಳ ಜಾಸ್ತಿ ಆಯಿತು. ಗೆಳತಿಯ ಆಫೀಸು ಕಥೆ ಚೆನ್ನಾಗೇ ಇತ್ತು. ಆದರೆ ಅದರಿಂದ ಹೀರೋ ಸಮಯವೂ ಹಾಳಾಗುತ್ತಿರಲಿಲ್ಲ, ವಿಲನ್‌ಗೂ ಏನೂ ಸಿಗುತ್ತಿರಲಿಲ್ಲ. ಕತ್ತರಿಸಿದೆ. ಅವಳನ್ನು ವಿಲನ್ ಕಂಪನಿಯ ಲೆಕ್ಕ ನೋಡುವವಳನ್ನಾಗಿ ಮಾಡಿದ ಮೇಲೆ ಅದೇ ದೃಶ್ಯಗಳು ವಾಪಸ್ ಬಂದವು.

ನಡುವೆ ಇನ್ನೊಂದು ಪ್ರಯೋಗ. 'ಏಜೆಂಟ್ಸ್ ಆಫ್ ಶೀಲ್ಡ್' ನಾಲ್ಕನೇ ಸೀಸನ್ ಅನ್ನು ಮೂರು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಕಥೆ ಕೊಟ್ಟಿದ್ದರು. ನಾನು ಎಂಟನ್ನು ನಾಲ್ಕು ನಾಲ್ಕಾಗಿ ಒಡೆದೆ. ನಾಲ್ಕನೆಯದು ಎಷ್ಟು ಚೆನ್ನಾಗಿ ಮುಗಿಯಿತೆಂದರೆ ಕೆಲವರು ಕಥೆ ಆಯಿತು ಅಂದುಕೊಂಡು ಎದ್ದೇ ಹೋದರು. 22 ಎಪಿಸೋಡ್ ಇದ್ದರೆ ಮಾಡಿ, ಎಂಟಿದ್ದರೆ ಬೇಡ.

ಹಳೆಯ ಕಟ್‌ನಲ್ಲಿ, ಅಂದರೆ ಮೊದಲು ಎಡಿಟ್ ಮಾಡಿದ್ದರಲ್ಲಿ, ಕೊನೆಯ ತನಕ ಕೂತವರು ಹತ್ತಕ್ಕೆ ಮೂರೋ ನಾಲ್ಕೋ. ಹೊಸದರಲ್ಲಿ ಏಳೆಂಟು. ಏಳನೇ ಎಪಿಸೋಡಿನಲ್ಲಿ ವಿಲನ್ ಪುಟವನ್ನು ಏನು ಮಾಡುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಎರಡನೇ ಸೀಸನ್ ಬರುವ ತನಕ ಅದನ್ನು ಹೇಳಲ್ಲ.