ಎಲೆಯೆಣ್ಣೆ ಭಟ್ಟಿ ಇಳಿಸಿ ಪರೀಕ್ಷಿಸುವ ಬಗೆ

ಪುಣೆಯ ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ನಾನು ಸಹಾಯಕ, ಊರು ವಿಜಯಪುರ. ಪ್ರತಿವರ್ಷ ಎಂಎಸ್ಸಿ ಹುಡುಗರು ಪ್ರಾಜೆಕ್ಟಿಗೆಂದು ಮಂಡಈ ಎಂಬ ತರಕಾರಿ ಮಾರುಕಟ್ಟೆಯಿಂದ ಗವತಿ ಚಹಾದ ಕಟ್ಟು ಹೊತ್ತು ತರುತ್ತಾರೆ. ನಮ್ಮ ಮಜ್ಜಿಗೆ ಹುಲ್ಲೇ ಅದು. ಘಮ ಇಷ್ಟು ಜೋರಿದ್ದರೆ ಆಂಟಿಆಕ್ಸಿಡೆಂಟೂ ಜೋರಿರಬೇಕು ಎಂಬುದು ಅವರ ಲೆಕ್ಕ. ತುಳಸಿಯನ್ನೂ ತನ್ನಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅಂತೀನಿ.

ಎಲೆ ತೊಳೆದು, ನೆರಳಲ್ಲಿ ಆರಿಸಿ, ಕತ್ತರಿಸಿ. 300 ಗ್ರಾಂ ಎಲೆಗೆ ಒಂದೂವರೆ ಲೀಟರ್ ನೀರು, 3 ಲೀಟರಿನ ಫ್ಲಾಸ್ಕ್, ಮೇಲೆ ಕ್ಲೆವೆಂಜರ್ ಉಪಕರಣ, ಅಂದರೆ ಆವಿಯನ್ನು ತಣಿಸಿ ಎಣ್ಣೆಯನ್ನು ನೀರಿನಿಂದ ಬೇರ್ಪಡಿಸುವ ಗಾಜಿನ ಕೊಳವೆ. ನಾಲ್ಕು ಪಿಂಗಾಣಿ ಚೂರು ಹಾಕದಿದ್ದರೆ ನೀರು ಎಗರಿ ಎಲೆಯೆಲ್ಲ ಕೊಳವೆಗೆ ಏರುತ್ತದೆ. ಸಣ್ಣ ಕುದಿಯಲ್ಲಿ 3 ತಾಸು. ಏಪ್ರಿಲಿನಲ್ಲಿ ನಮ್ಮ ಟ್ಯಾಂಕಿನ ನೀರೇ ಕಾದಿರುತ್ತದೆ. ಒಂದು ವರ್ಷ ಆವಿ ತಣಿಸುವ ಕಂಡೆನ್ಸರ್ ತಣ್ಣಗಾಗದೆ ಕಾರಿಡಾರೆಲ್ಲ ಚಹಾದಂಗಡಿಯ ವಾಸನೆ. ಕೈಗೆ ಬಂದದ್ದು ಎರಡು ಹನಿ. ಆಮೇಲೆ ಬಕೆಟ್ಟಿಗೆ ಬರ್ಫ ತುಂಬಿ, ಮೀನಿನ ತೊಟ್ಟಿಯ ಪಂಪು ಇಳಿಬಿಟ್ಟು ಅದೇ ನೀರನ್ನು ಸುತ್ತಿಸುತ್ತಿದ್ದೇನೆ.

ಬಂದ ಎಣ್ಣೆಯ ತೇವವನ್ನು ನಿರ್ಜಲ ಸೋಡಿಯಂ ಸಲ್ಫೇಟಿನಿಂದ ತೆಗೆದು, ಕಂದು ಸೀಸೆಯಲ್ಲಿ ಫ್ರಿಜ್ಜಿಗಿಡಿ.

ಇನ್ನು ಪರೀಕ್ಷೆ. ಡಿಪಿಪಿಎಚ್ ಎಂಬ ರಾಸಾಯನಿಕದ ನೇರಳೆ ದ್ರಾವಣ, ಆಂಟಿಆಕ್ಸಿಡೆಂಟ್ ಹೈಡ್ರೋಜನ್ ಕೊಟ್ಟರೆ, ಹಳದಿಗೆ ತಿರುಗುತ್ತದೆ. ಅದನ್ನು 4 ಮಿಲಿಗ್ರಾಂ ತೂಗಿ 100 ಮಿಲಿ ಮೆಥನಾಲಿನಲ್ಲಿ ಕರಗಿಸಿ. ಕಡು ನೇರಳೆ ಬಣ್ಣ. ಮೆಥನಾಲ್ ವಿಷ, ಅಡುಗೆಮನೆಯಲ್ಲಿ ಈ ಸಾಹಸ ಬೇಡ. ಎಣ್ಣೆಯನ್ನೂ ಮೆಥನಾಲಿನಲ್ಲೇ ತೆಳುಮಾಡಿ ಬೆರೆಸಿ, 30 ನಿಮಿಷ ಕತ್ತಲೆಯಲ್ಲಿಟ್ಟು, ಬಣ್ಣ ಎಷ್ಟು ಉಳಿದಿದೆಯೆಂದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 517 ನ್ಯಾನೋಮೀಟರಿಗೆ ಓದಿ. ಹೋಲಿಕೆಗೆ ಸಿ ಜೀವಸತ್ವದ ಒಂದು ನಳಿಕೆ ಇರಲಿ. ಎಣ್ಣೆಗೂ ತನ್ನದೇ ಹಳದಿ ಇರುತ್ತದಲ್ಲ, ಡಿಪಿಪಿಎಚ್ ಹಾಕದ ನಳಿಕೆಯ ಅಂಕಿ ಕಳೆಯಲು ಮರೆಯಬೇಡಿ. ಅರ್ಧ ತಪ್ಪುಗಳು ಇಲ್ಲೇ.

ತುಳಸಿಯ ನಳಿಕೆ ಹಳದಿಗೆ ತಿರುಗುತ್ತದೆ. ಗವತಿ ಚಹಾದ್ದು ನೇರಳೆಯಾಗಿಯೇ ಕೂತಿರುತ್ತದೆ. ಹುಡುಗರ ಮುಖ ಆಗ ನೋಡಬೇಕು! ಗವತಿ ಚಹಾದ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇ. 70–80 ಸಿಟ್ರಾಲ್, ಅಂದರೆ ಜೆರೇನಿಯಲ್ ಮತ್ತು ನೆರಾಲ್. ಎರಡೂ ಆಲ್ಡಿಹೈಡ್, ಡಿಪಿಪಿಎಚ್‌ಗೆ ಹೈಡ್ರೋಜನ್ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ತುಳಸಿಯ ಯುಜಿನಾಲ್ ಫೀನಾಲ್ ಜಾತಿಯದು, ಅದರ ಹೈಡ್ರಾಕ್ಸಿಲ್ (OH) ಗುಂಪು ಹೈಡ್ರೋಜನ್ನನ್ನು ತಕ್ಷಣ ಕೊಡುತ್ತದೆ.

ಹಾಗಂತ ಎಲ್ಲ ತುಳಸಿಯೂ ಒಂದೇ ಅಲ್ಲ. ಒಬ್ಬ ಹುಡುಗನ ತುಳಸಿ ನೇರಳೆಯನ್ನು ಅಲ್ಲಾಡಿಸಲೇ ಇಲ್ಲ. ನನ್ನ ತೂಕವೇ ತಪ್ಪಿತೇನೋ ಎಂದು ಎರಡು ಸಲ ಮಾಡಿದೆ. ಕೊನೆಗೆ, ಎಣ್ಣೆಯಲ್ಲಿ ಏನೇನಿದೆಯೆಂದು ಬಿಡಿಸಿ ಹೇಳುವ ಜಿಸಿ-ಎಂಎಸ್ ಯಂತ್ರದ ವರದಿ ಬಂತು: ಹೆಚ್ಚಿನ ಪಾಲು ಮೀಥೈಲ್ ಯುಜಿನಾಲ್, ಹೈಡ್ರಾಕ್ಸಿಲಿನ ಬಾಯಿಗೆ ಮೀಥೈಲಿನ ಬೀಗ. ಇನ್ನೊಮ್ಮೆ ಎಲೆ ತರೋಣವೆಂದರೆ, ಯಾವ ಗಿಡದ್ದೆಂದು ಅವನಿಗೇ ನೆನಪಿಲ್ಲ. ಕೊಯ್ದ ಗಿಡಕ್ಕೆ ಒಂದು ದಾರ ಕಟ್ಟಿ ಬನ್ನಿ.